ನಿಮಗಿದು ಗೊತ್ತೇ? ಲಿವರ್ ಸೋತಾಗ ಮೈಗೆ ಬಲ ಎಲ್ಲಿಂದ?

ದೇಹದ ಅಂಗಾಂಶಗಳಲ್ಲಿ ನೆಲೆಯೂರಿ ರೋಗಾಣುಗಳನ್ನು ನುಂಗುವ ಕಾವಲು ಕೋಶಗಳಲ್ಲಿ ಶೇ. 80ರಷ್ಟು ಇರುವುದು ಲಿವರಿನಲ್ಲೇ! ಇವುಗಳ ಹೆಸರು ಕುಪ್ಫರ್ ಕೋಶಗಳು. ಲಿವರಿಗೆ ಬರುವ ರಕ್ತದ ಮುಕ್ಕಾಲು ಪಾಲು ಕರುಳಿನ ಕಡೆಯದು. ಅದರ ಜೊತೆ ನುಸುಳಿದ ಬ್ಯಾಕ್ಟೀರಿಯಾಗಳನ್ನು ಇವು ಅಲ್ಲೇ ಹಿಡಿದು ಮುಗಿಸುತ್ತವೆ.

ಸಿರೋಸಿಸ್‌ನಲ್ಲಿ ಲಿವರ್ ಗಂಟುಗಂಟಾಗಿ ಗಡುಸಾದಾಗ ಆ ರಕ್ತದ ಒಂದಷ್ಟು ಭಾಗ ಅಡ್ಡದಾರಿ ಹಿಡಿದು, ಸೋಸದೆಯೇ ಮೈಗೆಲ್ಲ ಹರಡುತ್ತದೆ. ಇಂಥ ರೋಗಿಗಳ ಹೊಟ್ಟೆಯಲ್ಲಿ ತುಂಬುವ ನೀರಿಗೆ ಪದೇ ಪದೇ ಸೋಂಕು ತಗಲಲು ಇದೂ ಒಂದು ಕಾರಣ.

ಆರೋಗ್ಯವಂತರು ಎರಡು-ಮೂರು ದಿನ ಉಪವಾಸವಿದ್ದರೆ ಆಗುವ ಬದಲಾವಣೆ ಸಿರೋಸಿಸ್ ರೋಗಿಯ ಮೈಯಲ್ಲಿ ಒಂದೇ ರಾತ್ರಿಯಲ್ಲಿ ಆಗಿಬಿಡುತ್ತದೆ. ಅವರ ಲಿವರಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಕಡಿಮೆ. ಹಾಗಾಗಿ ದೇಹ ಸ್ನಾಯುವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ರಾತ್ರಿ ಎಂಟೂವರೆಗೆ ಉಂಡು, ಬೆಳಿಗ್ಗೆ ಎಂಟೂವರೆಗೆ ತಿಂಡಿ ತಿಂದರೆ ನಡುವೆ ಪೂರಾ 12 ಗಂಟೆ ಖಾಲಿ ಹೊಟ್ಟೆ. ಅದಕ್ಕೇ ಮಲಗುವ ಮುನ್ನ ಇನ್ನೊಂದು ಸಣ್ಣ ಊಟ ಬೇಕು: ಎರಡು ಚಪಾತಿ, ಒಂದು ಲೋಟ ಹಾಲು; ಇಲ್ಲವೇ ಹಾಲು ಹಾಕಿದ ರಾಗಿ ಗಂಜಿ, ಬಾಳೆಹಣ್ಣು. ನ್ಯೂಜಿಲೆಂಡಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 710 ಕ್ಯಾಲೊರಿಯ ಒಂದೇ ಪೂರಕ ಆಹಾರವನ್ನು ಕೆಲವರಿಗೆ ಹಗಲಲ್ಲಿ, ಕೆಲವರಿಗೆ ರಾತ್ರಿ ಕೊಟ್ಟರು. ವರ್ಷ ಕಳೆದಾಗ ದೇಹದ ಪ್ರೋಟೀನ್ ಹೆಚ್ಚಿದ್ದು ರಾತ್ರಿ ತಿಂದವರಲ್ಲಿ.

ಸ್ನಾಯುವಿಗೂ ಸೋಂಕಿಗೂ ಏನು ಸಂಬಂಧ? ಲಿವರ್ ಸೋತಾಗ ರಕ್ತದ ಅಮೋನಿಯಾವನ್ನು ಹೀರಿ ತೆಗೆಯುವುದು ಸ್ನಾಯು. ಅದು ಕರಗಿದರೆ ಅಮೋನಿಯಾ ಏರುತ್ತದೆ, ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳು ಮಂಕಾಗುತ್ತವೆ.

ಹಾಗಿದ್ದೂ ಕಾಮಾಲೆ ಎಂದೊಡನೆ ಬೇಳೆ, ಮೊಟ್ಟೆ, ಹಾಲು ಬಿಡಿಸಿ ಬರೀ ಗಂಜಿಯ ಮೇಲೆ ಇಡುವ ಪಥ್ಯ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಸಿರೋಸಿಸ್ ರೋಗಿಗೆ ಇದರಿಂದ ಆಗುವ ಹಾನಿ ದೊಡ್ಡದು. ಇಂದಿನ ಮಾರ್ಗಸೂಚಿಯಂತೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ. ಲಿವರ್ ಸೋತು ಮಂಪರು ಕವಿದಾಗಲೂ ಪ್ರೋಟೀನ್ ನಿಲ್ಲಿಸುವುದರಿಂದ ಲಾಭವಿಲ್ಲ ಎಂದು ಸ್ಪೇನಿನ ವೈದ್ಯರು 2004ರಲ್ಲೇ ತೋರಿಸಿದ್ದಾರೆ. ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನು ಇವರಿಗೆ ಚೆನ್ನಾಗಿ ಒಗ್ಗುತ್ತದೆ.

ರಿಪೋರ್ಟಿನಲ್ಲಿ ರಕ್ತದ ಪ್ರೋಟೀನಾದ ಆಲ್ಬುಮಿನ್ ಕಡಿಮೆ ಎಂದು ಬಾಟಲಿ ಏರಿಸಿ ಅಂಕಿಯನ್ನು ಹೆಚ್ಚಿಸಿದರೆ ಸೋಂಕು ತಗ್ಗುತ್ತದೆಯೇ? ಬ್ರಿಟನ್ನಿನ ಅಟೈರ್ ಪ್ರಯೋಗ 2021ರಲ್ಲಿ ಕೊಟ್ಟ ಉತ್ತರ: ಇಲ್ಲ. ಆದರೆ ಹೊಟ್ಟೆಯ ನೀರು ಹೆಚ್ಚು ತೆಗೆದಾಗ, ಆ ನೀರಿಗೆ ಸೋಂಕಾದಾಗ ಆಲ್ಬುಮಿನ್ ಬೇಕೇ ಬೇಕು.

ಹಾಗಾದರೆ ಬಲಕ್ಕೆಂದು ಮಾತ್ರೆ ನುಂಗಬಹುದೇ? ಸಿರೋಸಿಸ್‌ನಲ್ಲಿ ಜಿಂಕ್ ಕೊರತೆ ಸಾಮಾನ್ಯ. ಆದರೆ ಹೆಚ್ಚು ಜಿಂಕ್ ಬಹುಕಾಲ ನುಂಗಿದರೆ ದೇಹದ ತಾಮ್ರ ಇಳಿದು, ಬಿಳಿ ರಕ್ತಕಣಗಳೇ ಕಡಿಮೆಯಾಗುತ್ತವೆ! ವಿಟಮಿನ್ ಎ ಹೆಚ್ಚಾದರೆ ಲಿವರಿಗೇ ವಿಷ. ರಕ್ತ ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆಯೂ ಬೇಡ.

ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿಯ ಕಷಾಯ ಮನೆಮನೆಗೂ ಬಂತು. ಅದನ್ನು ಸೇವಿಸಿದ ಬಳಿಕ ಲಿವರ್ ಹಾನಿಯಾದ 43 ಜನರ ವಿವರವನ್ನು ದೇಶದ ಹಲವು ಆಸ್ಪತ್ರೆಗಳ ವೈದ್ಯರು 2022ರಲ್ಲಿ ಪ್ರಕಟಿಸಿದರು. ಇದಕ್ಕೂ ಮುಂಚೆ ಮುಂಬೈ ವೈದ್ಯರಿಂದ ಬಂದ ಇಂಥದೇ ವರದಿಯನ್ನು ಆಯುಷ್ ಸಚಿವಾಲಯ ಒಪ್ಪಿರಲಿಲ್ಲ. ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಎಂದಿತ್ತು. ಲಿವರ್ ತೊಂದರೆ ಇರುವವರು ಇದರಿಂದ ದೂರವಿರುವುದೇ ಸರಿ. ಅಂಗಡಿಯಲ್ಲಿ ಸಿಗುವ ಅರಿಶಿನದ ಮತ್ತು ಗ್ರೀನ್ ಟೀ ಸಾರದ ಕ್ಯಾಪ್ಸೂಲ್‌ಗಳಿಂದಲೂ ಲಿವರ್ ಹಾನಿಯಾದ ದಾಖಲೆಗಳಿವೆ. ಸಾರಿಗೆ ಹಾಕುವ ಅರಿಶಿನಕ್ಕೆ ಈ ಮಾತು ಅನ್ವಯಿಸದು.

ಕರಾವಳಿಯವರೇ, ಮರುವಾಯಿ, ಸಿಂಪಿ ಅರೆಬೆಂದಿದ್ದರೆ ಸಿರೋಸಿಸ್ ಇರುವವರ ಎಲೆಗೆ ಬಡಿಸಬೇಡಿ. ಅದರಲ್ಲಿ ಇರಬಹುದಾದ ವಿಬ್ರಿಯೋ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಅವರ ಜೀವಕ್ಕೇ ಕುತ್ತು.

ಹೆಪಟೈಟಿಸ್ ಬಿ ಲಸಿಕೆಗೆ ಸಿರೋಸಿಸ್ ರೋಗಿಯ ಮೈ ಉಳಿದವರಷ್ಟು ಚೆನ್ನಾಗಿ ಸ್ಪಂದಿಸುವುದಿಲ್ಲ. ಕಾಯಿಲೆ ಬಲಿಯುವ ಮೊದಲೇ ಹಾಕಿಸಿ, ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ. ಸಾಲದಿದ್ದರೆ ವೈದ್ಯರು ಮತ್ತೆ ಕೊಡುತ್ತಾರೆ, ಕೆಲವೊಮ್ಮೆ ದುಪ್ಪಟ್ಟು ಪ್ರಮಾಣದಲ್ಲಿ.