ಅರಳು ಮರಳೋ, ಸಕ್ಕರೆಯ ಮರುಳೋ?

‘ಅರವತ್ತಕ್ಕೆ ಅರಳು ಮರಳು’ ಎಂಬುದು ನಮ್ಮಲ್ಲಿ ಹಳೆಯ ಗಾದೆ. ಇಳಕಲ್ಲಿನ ಮಗ್ಗದ ಮನೆಯಲ್ಲಿ ಹಿರಿಯರು ಎಳೆಗಳ ಲೆಕ್ಕ ತಪ್ಪಿದರೆ, ಬಾಗಲಕೋಟೆಯ ಅಜ್ಜನವರು ಪೇಟೆಗೆ ಹೋಗಿ ಮನೆಯ ಓಣಿ ಮರೆತರೆ, ಈ ಗಾದೆ ಹೇಳಿ ಸುಮ್ಮನಾಗುತ್ತೇವೆ. ಅವರಿಗೆ ಮಧುಮೇಹವಿದ್ದರೆ ಹಾಗೆ ಸುಮ್ಮನಿರುವುದು ತರವಲ್ಲ. ತಲೆಯ ಮರೆವಿಗೂ ಹೊಟ್ಟೆಯೊಳಗಿನ ಒಂದು ಗ್ರಂಥಿಗೂ ನಂಟಿದೆ.

ಜಠರದ ಹಿಂದಿರುವ ಆ ಗ್ರಂಥಿಯೇ ಮೇದೋಜೀರಕ. ಅದರಲ್ಲಿ ನಡುಗಡ್ಡೆಗಳಂತೆ ಚದುರಿರುವ ಜೀವಕೋಶಗಳ ಗುಂಪುಗಳನ್ನು 1869ರಲ್ಲಿ ಜರ್ಮನಿಯ ಲ್ಯಾಂಗರ್‌ಹಾನ್ಸ್ ವರ್ಣಿಸಿದನು. ಅವುಗಳಿಂದ ರಕ್ತಕ್ಕೆ ಸೇರುವ ಹಾರ್ಮೋನುಗಳಲ್ಲಿ ಎರಡು ಮುಖ್ಯ: ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ಗ್ಲುಕಗಾನ್ ಏರಿಸುತ್ತದೆ. ಇವೆರಡೂ ತಕ್ಕಡಿಯ ತಟ್ಟೆಗಳಿದ್ದಂತೆ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು. ಆದರೆ ದೇಹದ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಅದಕ್ಕೇ ಬೇಕು. ಅದರ ಮುಖ್ಯ ಆಹಾರ ಸಕ್ಕರೆ. ಕೂಡಿಡುವ ಕಣಜ ಅದಕ್ಕಿಲ್ಲವೆಂದೇ ಹೇಳಬಹುದು. ನೆನಪನ್ನು ಕಟ್ಟುವ ಭಾಗದಲ್ಲಿ ನರಕೋಶಗಳ ಪರಸ್ಪರ ಸಂದೇಶಕ್ಕೆ ಇನ್ಸುಲಿನ್ ನೆರವಾಗುತ್ತದೆ. ಇಳಿವಯಸ್ಸಿನ ಮಧುಮೇಹದಲ್ಲಿ ಸಾಮಾನ್ಯವಾಗಿ ದೇಹವು ಇನ್ಸುಲಿನ್ನಿನ ಮಾತು ಕೇಳದಾಗುತ್ತದೆ, ಮಿದುಳೂ ಕಿವುಡಾಗಬಹುದು. ಹೆಚ್ಚಿದ ಸಕ್ಕರೆ ವರ್ಷಗಟ್ಟಲೆ ಉಳಿದರೆ ಮಿದುಳಿನ ಸೂಕ್ಷ್ಮ ರಕ್ತನಾಳಗಳು ಕೆಡುತ್ತವೆ. ಮಧುಮೇಹಿಗಳೆಲ್ಲರೂ ಮರೆಗುಳಿಗಳಾಗುವುದಿಲ್ಲ, ಅಪಾಯ ಮಾತ್ರ ಹೆಚ್ಚು. ಮರೆವಿನ ರೋಗಕ್ಕೆ ಎಡೆಗೊಡುವ, ಆದರೆ ತಡೆಯಬಹುದಾದ 14 ಕಾರಣಗಳಲ್ಲಿ ಮಧುಮೇಹವೂ ಒಂದೆಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಎಣಿಸಿತು. ನಮ್ಮ ರಾಜ್ಯದಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗರ ನೆನಪು ಮತ್ತು ಆರೋಗ್ಯವನ್ನು ದೀರ್ಘಕಾಲದ ಅಧ್ಯಯನಕ್ಕೆ ತೆಗೆದುಕೊಂಡಿದೆ.

ಸಕ್ಕರೆ ಏರಿದರಷ್ಟೇ ಕೇಡಲ್ಲ, ಇಳಿದರೂ ಕೇಡು. ಅದು ತಟ್ಟನೆ ಬರುವ ಕೇಡು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಟ ಅಜ್ಜಿ ಮಾತ್ರೆ ನುಂಗಿ, ದೇವಿಯ ದರುಶನದವರೆಗೂ ಉಪವಾಸವಿದ್ದರೆಂದಿಟ್ಟುಕೊಳ್ಳಿ. ಮೈ ಬೆವರಿ, ಕೈ ನಡುಗಿ, ಮಾತು ತೊದಲಬಹುದು. ಅದು ಅರಳು ಮರಳಲ್ಲ, ಮಿದುಳಿನ ಹಸಿವು. ಎಚ್ಚರವಿದ್ದು ನುಂಗುವಂತಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಿ, ಬಳಿಕ ಊಟ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆದ್ದರಿಂದ ವೃದ್ಧರ ಸಕ್ಕರೆಯನ್ನು ಅತಿಯಾಗಿ ಇಳಿಸುವುದೂ ಜಾಣತನವಲ್ಲ. ಎಷ್ಟಿರಬೇಕೆಂಬುದನ್ನು ವೈದ್ಯರು ವಯಸ್ಸು ನೋಡಿ ಗೊತ್ತುಮಾಡುತ್ತಾರೆ.

ಹೊತ್ತಿಗೆ ಸರಿಯಾದ ಊಟ, ದಿನವೂ ನಡಿಗೆ, ರಕ್ತದೊತ್ತಡದ ಹಿಡಿತ ಇವು ಮಿದುಳಿಗೂ ಹಿತ. ಜೋಳದ ರೊಟ್ಟಿಯಾದರೂ ಮಿತಿ ಬೇಕು. ಹುನಗುಂದದಂಥ ತಾಲೂಕು ಊರಿನಲ್ಲಿಯೂ ರಕ್ತ ಪರೀಕ್ಷೆ ಸಾಧ್ಯವಿರುವಾಗ, ಮನೆಯ ಹಿರಿಯರು ಹೊಸದಾಗಿ ಮರೆಯತೊಡಗಿದರೆ ಗಾದೆಯನ್ನು ಬದಿಗಿಟ್ಟು ಮೊದಲು ಸಕ್ಕರೆಯನ್ನು ನೋಡಿಸಿರಿ.