ಕಾಂಡ್ಲಾ ಕಾಲುವೆಯ ಹಕ್ಕಿಗಳು: ತಪ್ಪು ಕಲ್ಪನೆ ಮತ್ತು ಸತ್ಯ

ಹಕ್ಕಿಗಳನ್ನು ನೋಡಬೇಕಾದರೆ ನಸುಕಿನಲ್ಲೇ ಹೊರಡಬೇಕೆಂಬ ನಂಬಿಕೆ ಮಲೆನಾಡಿನ ಕಾಡಿಗೂ ಬಯಲುಸೀಮೆಯ ಕೆರೆಗೂ ಸಲ್ಲುವಷ್ಟು ಕರಾವಳಿಯ ಅಳಿವೆಗೆ, ಅಂದರೆ ನದಿಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಭಾಗಕ್ಕೆ, ಸಲ್ಲುವುದಿಲ್ಲ. ಕುಮಟಾ ತಾಲ್ಲೂಕಿನಲ್ಲಿ ಅರಬ್ಬೀ ಸಮುದ್ರವನ್ನು ಕೂಡುವ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಹಕ್ಕಿಗಳ ದಿನಚರಿಯನ್ನು ಸೂರ್ಯನಿಗಿಂತ ಹೆಚ್ಚಾಗಿ ಉಬ್ಬರವಿಳಿತವೇ ಗೊತ್ತುಪಡಿಸುತ್ತದೆ. ನೀರು ಇಳಿದಾಗ ತೆರೆದುಕೊಳ್ಳುವ ಕೆಸರುಬಯಲಿನಲ್ಲಿ ಹುಳು, ಏಡಿಮರಿ, ಚಿಪ್ಪುಜೀವಿಗಳನ್ನು ಕೊಕ್ಕಿನಿಂದ ಕೆದಕಿ ತಿನ್ನುವ ಗೊರವಗಳಿಗೆ ಅದೇ ಊಟದ ಹೊತ್ತು, ಅದು ಸುಡುಮಧ್ಯಾಹ್ನವಾದರೂ ಸರಿಯೇ. ಉಬ್ಬರವಿಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ, ಇಂದು ಬೆಳಿಗ್ಗೆ 7 ಗಂಟೆಗೆ ಬಂದ ಇಳಿತ ವಾರದ ಬಳಿಕ ಮಧ್ಯಾಹ್ನ 1 ಗಂಟೆಯ ಆಸುಪಾಸಿಗೆ ಜಾರಿರುತ್ತದೆ.

ಹಾಗೆಂದು ಪೂರ್ಣ ಇಳಿತದಲ್ಲಿ ಕಾಂಡ್ಲಾ ಕಾಡಿನ, ಅಂದರೆ ಅಳಿವೆಯ ಉಪ್ಪುಕೆಸರಿನಲ್ಲಿ ಬೆಳೆಯುವ ಮರಗಳ ಕಾಡಿನ, ಕಾಲುವೆಗೆ ಇಳಿದರೆ ಒಬ್ಬಿಬ್ಬರು ಹುಟ್ಟುಹಾಕಿ ನಡೆಸುವ ಪಾತಿದೋಣಿಯೂ ಕೆಸರಿನಲ್ಲಿ ಹೂತು ನಿಲ್ಲುತ್ತದೆ. ಪೂರ್ಣ ಉಬ್ಬರದಲ್ಲಿ ಹೋದರೆ ದೋಣಿ ಸರಾಗವಾಗಿ ಸಾಗುತ್ತದೆ, ಆದರೆ ಕೆಸರುಬಯಲು ಮುಳುಗಿ, ಗೊರವಗಳು ಬೇರೆಲ್ಲೋ ದಿಬ್ಬದ ಮೇಲೆ ವಿಶ್ರಮಿಸುತ್ತಿರುತ್ತವೆ. ಇವೆರಡರ ನಡುವೆ, ಏರುತ್ತಿರುವ ನೀರು ಹಕ್ಕಿಗಳನ್ನು ಮೆಲ್ಲಮೆಲ್ಲನೆ ದಡದತ್ತ ಒತ್ತಿ ತರುವ ಅವಧಿಯೇ ದೋಣಿಯಲ್ಲಿ ಬಂದವರಿಗೆ ಅನುಕೂಲವಾದದ್ದು.

ನಸುಕಿನ ನಂಬಿಕೆಗಿಂತ ಆಳವಾಗಿ ಬೇರೂರಿರುವ ತಪ್ಪು ಕಲ್ಪನೆ, ವಲಸೆ ಹಕ್ಕಿಗಳು ಮೊಟ್ಟೆಯಿಟ್ಟು ಮರಿಮಾಡಲೆಂದೇ ಸೈಬೀರಿಯದಿಂದ ಇಲ್ಲಿಗೆ ಬರುತ್ತವೆ ಎಂಬುದು. ರಂಗನತಿಟ್ಟು, ಕೊಕ್ಕರೆಬೆಳ್ಳೂರುಗಳಲ್ಲಿ ಗೂಡುಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಕಂಡವರು ಆ ಚಿತ್ರವನ್ನೇ ಅಳಿವೆಗೂ ಅನ್ವಯಿಸುವುದು ಸಹಜವಾದರೂ, ಆ ಹಕ್ಕಿಗಳು ಭಾರತದೊಳಗೇ ಸಂಚರಿಸುವಂಥವು. ಚಳಿಗಾಲದ ಗೊರವಗಳು ಲಡಾಖ್, ಮಧ್ಯ ಏಷ್ಯಾ ಮತ್ತು ಅದರಾಚೆಯ ಉತ್ತರದ ನಾಡುಗಳಲ್ಲಿ ಬೇಸಿಗೆಯಲ್ಲಿ ಮರಿಮಾಡಿ, ಅಲ್ಲಿ ನೆಲ ಹೆಪ್ಪುಗಟ್ಟುವ ಮೊದಲೇ ಆಹಾರ ಅರಸಿ ದಕ್ಷಿಣಕ್ಕೆ ಬರುತ್ತವೆ. ಇಲ್ಲಿ ಹಳೆಯ ಗರಿ ಉದುರಿಸಿ ಹೊಸತನ್ನು ಪಡೆದು, ಮರುಪ್ರಯಾಣಕ್ಕೆ ಬೇಕಾದ ಕೊಬ್ಬನ್ನು ಮೈಯಲ್ಲಿ ಕೂಡಿಟ್ಟುಕೊಂಡು, ಮಾರ್ಚ್–ಏಪ್ರಿಲ್ ವೇಳೆಗೆ ಮರಳುತ್ತವೆ. ಮಳೆಗಾಲದಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವುದು ಕಂಡರೆ ಅದು ಗೂಡುಕಟ್ಟಿದೆ ಎಂದರ್ಥವಲ್ಲ. ಇನ್ನೂ ಮರಿಮಾಡುವ ವಯಸ್ಸಿಗೆ ಬಾರದ ಎಳೆಯ ಹಕ್ಕಿಗಳು ಕೆಲವೊಮ್ಮೆ ಹಾಗೆ ಉಳಿದುಬಿಡುತ್ತವೆ.

ಬೆಳ್ಳಗಿರುವುದೆಲ್ಲ ಬೆಳ್ಳಕ್ಕಿ, ಬೂದುಕಪ್ಪಿನದು ಬೇರೆಯೇ ಜಾತಿ ಎಂಬ ಎಣಿಕೆಯೂ ಇಲ್ಲಿ ಕೈಕೊಡುತ್ತದೆ. ಕಡಲಂಚಿನ ಬಕವೊಂದರಲ್ಲಿ ಅಚ್ಚಬಿಳಿಯ ಹಕ್ಕಿಯೂ ಗಾಢ ಬೂದು ಬಣ್ಣದ ಹಕ್ಕಿಯೂ ಒಂದೇ ಜಾತಿಗೆ ಸೇರಿದವು, ಅದು ಗಂಡು–ಹೆಣ್ಣಿನ ಭೇದವೂ ಅಲ್ಲ. ಬಿಳಿಯದನ್ನು ಕಿರುಬೆಳ್ಳಕ್ಕಿಯಿಂದ ಪ್ರತ್ಯೇಕಿಸುವುದು ನುರಿತವರಿಗೂ ತುಸು ಕಷ್ಟವೇ. ಕಪ್ಪಾಗಿರದೆ ಕಂದು–ಹಳದಿ ಛಾಯೆಯ ದಪ್ಪ ಕೊಕ್ಕು ಒಂದು ಸುಳಿವು.

ಕಾಂಡ್ಲಾ ಕಾಡು ಕೊಳಚೆಯಿಂದ ನಾರುತ್ತದೆ ಎಂಬ ದೂರು ಬಹುಪಾಲು ತಪ್ಪು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಸಮುದ್ರದ ನೀರಿನ ಸಲ್ಫೇಟನ್ನು ಬಳಸಿ ಬದುಕುವ ಸೂಕ್ಷ್ಮಾಣುಗಳು ಹೊರಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲವೇ ಆ ಕೊಳೆತ ಮೊಟ್ಟೆಯ ವಾಸನೆಗೆ ಕಾರಣ. ಅದೇ ಆಮ್ಲಜನಕದ ಕೊರತೆಯನ್ನು ನೀಗಿಸಿಕೊಳ್ಳಲು ಕೆಲವು ಕಾಂಡ್ಲಾ ಮರಗಳು ಉಸಿರುಬೇರುಗಳನ್ನು, ಅಂದರೆ ಗಾಳಿ ಸೆಳೆಯುವ ರಂಧ್ರಗಳುಳ್ಳ ಬೇರುಗಳನ್ನು, ಕೆಸರಿನಿಂದ ಮೇಲಕ್ಕೆ ಚಾಚುತ್ತವೆ; ಕಡಿದ ಗಿಡದ ಕೂಳೆಯೆಂದು ಭಾವಿಸಿ ಅವುಗಳ ಮೇಲೆ ದೋಣಿ ಎಳೆದರೆ ಮರಕ್ಕೇ ಪೆಟ್ಟು. ಈ ಮರಗಳಿಗೆ ಉಪ್ಪು ಬೇಕೇಬೇಕು ಎಂಬುದೂ ಸರಿಯಲ್ಲ, ಏಕೆಂದರೆ ಅನೇಕ ಜಾತಿಗಳು ಸಿಹಿನೀರಿನಲ್ಲೂ ಬೆಳೆಯಬಲ್ಲವು. ಉಪ್ಪನ್ನು ತಾಳಲಾರದ ಗಿಡಗಳ ಪೈಪೋಟಿ ಇಲ್ಲದಿರುವುದೇ ಅವುಗಳಿಗೆ ಇಲ್ಲಿ ದೊರೆತ ಲಾಭ.

ಕೊನೆಯದಾಗಿ, ಎಂಜಿನ್ ಇಲ್ಲದ ದೋಣಿಯಿಂದ ಹಕ್ಕಿಗಳಿಗೆ ತೊಂದರೆಯೇ ಇಲ್ಲವೆಂಬ ಭಾವನೆಯಲ್ಲಿ ಅರ್ಧ ಸತ್ಯವಿದೆ. ಸದ್ದು ಕಡಿಮೆಯಾಗುವುದು ನಿಜವಾದರೂ ಹಕ್ಕಿ ಕಣ್ಣಿನಿಂದಲೂ ಅಪಾಯವನ್ನು ಅಳೆಯುತ್ತದೆ. ತನ್ನತ್ತ ನೇರವಾಗಿ ಬರುವ ದೋಣಿಯನ್ನು ಕಂಡು ಅದು ಮೇಯುವುದನ್ನು ಬಿಟ್ಟು ಹಾರಿದರೆ, ಕೂಡಿಟ್ಟ ಕೊಬ್ಬು ವ್ಯಯವಾಗುವುದಲ್ಲದೆ ಇಳಿತದ ಮಿತ ಅವಧಿಯಲ್ಲಿ ಊಟದ ಸಮಯವೂ ಕಳೆದುಹೋಗುತ್ತದೆ. ಆದ್ದರಿಂದ ದೋಣಿಯನ್ನು ಓರೆಯಾಗಿ ನಡೆಸಿ, ಹಕ್ಕಿ ತಲೆಯೆತ್ತಿ ನೋಡತೊಡಗಿದ ಕೂಡಲೇ ಹುಟ್ಟು ನಿಲ್ಲಿಸುವುದು ಉಚಿತ.