ಹಳೆಯ ಬಲ್ಬು ಸಿಕ್ಕರೆ ಸ್ವಿಚ್ ಒತ್ತಬೇಡಿ

ಅಟ್ಟ ಗುಡಿಸುವಾಗ ದೂಳು ಹಿಡಿದ ಹಳೆಯ ಬಲ್ಬೊಂದು ಸಿಕ್ಕಿತೆನ್ನಿ. ಅದನ್ನು ಹೋಲ್ಡರಿಗೆ ಸಿಕ್ಕಿಸಿ ಸ್ವಿಚ್ ಒತ್ತಬೇಕೆಂದು ಮಕ್ಕಳಿಗೆ ಆಸೆ. ದೊಡ್ಡವರಿಗೆ ನೆನಪಾಗುವುದು ಕಸದ ಬುಟ್ಟಿ. ಸ್ವಲ್ಪ ತಾಳಿ! ಅದರ ವಯಸ್ಸು ಅದರ ಮೈಮೇಲೆಯೇ ಬರೆದಿರುತ್ತದೆ. ಓದಲು ಕರೆಂಟು ಬೇಕಿಲ್ಲ.

ಮೊದಲು ನೆತ್ತಿ ನೋಡಿ. ಅಲ್ಲಿ ಗಾಜಿನ ಚೂಪು ಮೊನೆಯಿದೆಯೇ? ಒಳಗಿನ ಗಾಳಿಯನ್ನು ಹೀರಿ ತೆಗೆದ ನಳಿಗೆಯನ್ನು ಕರಗಿಸಿ ಮುಚ್ಚಿದ ಗುರುತು ಅದು. ಮುಂದೆ ತಯಾರಕರು ಈ ನಳಿಗೆಯನ್ನು ಬುಡದ ಲೋಹದ ಟೋಪಿಯೊಳಗೆ ಅಡಗಿಸತೊಡಗಿದರು. 1920ರ ದಶಕದಲ್ಲಿ ಮೊನೆ ಬಹುಮಟ್ಟಿಗೆ ಮರೆಯಾಯಿತು.

ಆಮೇಲೆ ಎಳೆ. ಅಮೆರಿಕದ ಎಡಿಸನ್, ಇಂಗ್ಲೆಂಡಿನ ಜೋಸೆಫ್ ಸ್ವಾನ್ 1879ರ ಸುಮಾರಿಗೆ ಉರಿಸಿ ತೋರಿಸಿದ್ದು ಇಂಗಾಲದ ಎಳೆಯನ್ನು. ಕಪ್ಪು ಬಣ್ಣ, ಹೇರ್‌ಪಿನ್ನಿನಂತೆ ಬಾಗಿದ ಅಥವಾ ಒಂದು ಸುತ್ತು ಸುತ್ತಿದ ಆಕಾರ. 1910ರ ಹೊತ್ತಿಗೆ ವಿಲಿಯಂ ಕೂಲಿಜ್ ಟಂಗ್‌ಸ್ಟನ್ನನ್ನು ಸಣ್ಣ ತಂತಿಯಾಗಿ ಎಳೆಯುವ ವಿಧಾನ ಕಂಡುಹಿಡಿದರು. ಆ ಕಾಲದ ಬಲ್ಬಿನಲ್ಲಿ ತಂತಿ ಕೊಕ್ಕೆಯಿಂದ ಕೊಕ್ಕೆಗೆ ಮೇಲೆ ಕೆಳಗೆ ಓಡಿ ಪಂಜರದಂತೆ ಕಾಣುತ್ತದೆ. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದಾಗ ಕೂಲಿಜರ ತಂತಿ ಇನ್ನೂ ಹುಟ್ಟಿರಲಿಲ್ಲ!

ಕಣ್ಣಿಗೆ ಅನುಮಾನವಾದರೆ ಮಲ್ಟಿಮೀಟರ್ ಇದೆ. 230 ವೋಲ್ಟಿನ 60 ವಾಟ್ ಬಲ್ಬು ಉರಿಯುವಾಗ ಅದರ ರೋಧ ಸುಮಾರು 880 ಓಮ್ ಎಂದು ಹೈಸ್ಕೂಲಿನ ಲೆಕ್ಕವೇ ಹೇಳುತ್ತದೆ. ಟಂಗ್‌ಸ್ಟನ್ ಆದರೆ, ತಣ್ಣಗಿರುವಾಗ ಅಳೆದರೆ ಅದರ ಹತ್ತರಲ್ಲೊಂದು ಭಾಗವೂ ಬರುವುದಿಲ್ಲ. ಇಂಗಾಲದ್ದು ತದ್ವಿರುದ್ಧ: ತಣ್ಣಗಿದ್ದಾಗಲೇ ರೋಧ ಹೆಚ್ಚು. ಬಲ್ಬು ಹೋಲ್ಡರಿನಿಂದ ಹೊರಗಿರಲಿ, ಮೇಜಿನ ಮೇಲೆ.

ಈಗ ಹೋಟೆಲುಗಳಲ್ಲಿ ತೂಗುವ 'ಎಡಿಸನ್ ಬಲ್ಬು'ಗಳಿಗೆ ಮರುಳಾಗಬೇಡಿ. ಹಲವದರ ಒಳಗಿರುವುದು ಎಲ್‌ಇಡಿ ಪಟ್ಟಿ. ನಕಲಿಗೂ ಮೊನೆ ಕೂರಿಸುವವರಿದ್ದಾರೆ, ಆದ್ದರಿಂದ ಮೊನೆಯೊಂದನ್ನೇ ನಂಬುವಂತಿಲ್ಲ.

ಉರಿಸಬಾರದೇಕೆ? ನೂರು ವರ್ಷದಲ್ಲಿ ಒಳಗೆ ಗಾಳಿ ನುಸುಳಿದ್ದರೆ ಎಳೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಅಮೆರಿಕದ 110 ವೋಲ್ಟಿನ ಬಲ್ಬಾದರೆ ನಮ್ಮ 230 ವೋಲ್ಟಿಗೆ ಅದರ ಕಥೆ ಮುಗಿಯಿತು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯಲ್ಲಿ 1901ರ ಇಂಗಾಲದ ಬಲ್ಬೊಂದು ಇನ್ನೂ ಉರಿಯುತ್ತಿದೆ, ನಿಜ. ಆದರೆ ಅದು ಬಳಸುವುದು 4 ವಾಟ್ ಆಸುಪಾಸು. ಅದನ್ನು ಆರಿಸಿದ್ದೂ ತೀರ ಅಪರೂಪ.

ಸಿಕ್ಕ ಬಲ್ಬನ್ನು ತೊಳೆಯಲೂ ಹೋಗಬೇಡಿ. ಗಾಜಿಗೆ ಅಂಟಿಸಿದ ಕಾಗದದ ಚೀಟಿಯಲ್ಲಿ ವೋಲ್ಟ್ ಜೊತೆಗೆ '16 ಕ್ಯಾಂಡಲ್ ಪವರ್' ಎಂದೇನಾದರೂ ಇದ್ದೀತು. ಬೆಳಕನ್ನು ಮೇಣದಬತ್ತಿಯ ಲೆಕ್ಕದಲ್ಲಿ ಅಳೆಯುತ್ತಿದ್ದ ಕಾಲದ್ದು ಅದು. ಒಣ ಬಟ್ಟೆಯಲ್ಲಿ ದೂಳು ಒರೆಸಿ, ಹತ್ತಿ ಸುತ್ತಿ ಡಬ್ಬಿಯಲ್ಲಿಡಿ.